ಡಯಟ್‌ನಲ್ಲಿ ಓದಿದ ಅಕ್ಕ, ರಜಾ ದಿನ ಓದಿದ ನಾನು

ನಮ್ಮ ದೊಡ್ಡಮ್ಮನ ಮಗಳು ಪಿಯುಸಿ ಆದ್ಮೇಲೆ ಡಯಟ್‌ನಲ್ಲಿ, ಅಂದ್ರೆ ಟೀಚರ್ ಟ್ರೇನಿಂಗ್ ಕೊಡೋ ಜಿಲ್ಲಾ ಸಂಸ್ಥೆಲಿ, ಎರಡು ವರ್ಷ ಡಿಎಡ್ ಅನ್ನೋ ಟೀಚರ್ ಡಿಪ್ಲೊಮಾ ಮಾಡ್ಕೊಂಡು 2008ರಲ್ಲೇ ಗವರ್ನಮೆಂಟ್ ಸ್ಕೂಲಿಗೆ ಸೇರಿದ್ಲು. ನಾನು ಡಿಗ್ರಿ ಮುಗಿಸಿ ಮನೆ ಹತ್ರದ ಪ್ರೈವೇಟ್ ಸ್ಕೂಲಲ್ಲಿ 'ಸುಮ್ನೆ ಒಂದ್ವರ್ಷ' ಅಂತ ಮಿಸ್ ಆದೋಳು, ಟ್ರೇನಿಂಗು ಗೀನಿಂಗು ಏನೂ ಇಲ್ದೆ ಏಳು ವರ್ಷ ಅಲ್ಲೇ ಕಳೆದೆ. 2017ರಲ್ಲಿ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆ ತಿದ್ದುಪಡಿ ಆಯ್ತು ನೋಡಿ, ನಮ್ಮಂಥೋರು 2019ರ ಮಾರ್ಚ್ 31ರೊಳಗೆ ಟ್ರೇನಿಂಗ್ ಮುಗಿಸ್ಲೇಬೇಕು ಅಂತ, ಆಗ ಎನ್‌ಐಓಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ನಡೆಸಿದ 18 ತಿಂಗಳ ಡಿಎಲ್‌ಎಡ್ ಅನ್ನೋ ಟೀಚರ್ ಡಿಪ್ಲೊಮಾಗೆ ದೇಶದ ಲಕ್ಷಾಂತರ ಟೀಚರ್ಸ್ ಸೇರಿದ್ರು, ನಾನೂ ಸೇರ್ದೆ. ಹಗಲು ಸ್ಕೂಲು, ರಾತ್ರಿ ಪಾತ್ರೆ ತೊಳೆದಾದ್ಮೇಲೆ ಮೊಬೈಲಲ್ಲಿ ಸರ್ಕಾರದ ಆನ್‌ಲೈನ್ ಪಾಠದ 'ಸ್ವಯಂ' ಪೋರ್ಟಲ್ ವಿಡಿಯೋ, ರಜಾ ಬಂದ್ರೆ ಸ್ಟಡಿ ಸೆಂಟರು.

ಓದಿದ್ದು ದಂಡ ಅಂತೂ ಆಗ್ಲಿಲ್ಲ. ಬೆಳಗ್ಗೆ ಜೀವ ತಿಂದ ಹುಡುಗನ ಬಗ್ಗೆನೇ ರಾತ್ರಿ ಪುಸ್ತಕದಲ್ಲಿ ಬರೆದಿರೋ ಹಾಗಿರ್ತಿತ್ತು, ಕಾಲೇಜಿಂದ ನೇರ ಬಂದೋರಿಗೆ ಅದು ಎಲ್ಲಿ ಸಿಗ್ಬೇಕು! ಆದ್ರೆ ಅಕ್ಕ ಪ್ರಾಕ್ಟೀಸ್ ಟೀಚಿಂಗ್ ಮಾಡೋವಾಗ ಲೆಕ್ಚರರ್ ಹಿಂದಿನ ಬೆಂಚಲ್ಲಿ ಕೂತು ಲೆಸನ್ ಪ್ಲಾನ್ ಬುಕ್ಕಲ್ಲಿ 'ಬೋರ್ಡಿಗೇ ಪಾಠ ಮಾಡ್ತಿದೀಯ, ಮಕ್ಕಳ ಕಡೆ ತಿರುಗು' ಅಂತ ಬರೆದಿದ್ರಂತೆ. ನಮಗೂ ಪಾಠ ನೋಡಿ ಹೇಳೋದು ಅಂತ ಒಂದಿತ್ತು, ನಮ್ಮ ಸ್ಕೂಲಲ್ಲಿ ಅದು ಬರೀ ಸೈನಲ್ಲೇ ಮುಗೀತು. ನಾನೂ ಏಳು ವರ್ಷ ಬೋರ್ಡಿಗೇ ಪಾಠ ಮಾಡಿದ್ನೋ ಏನೋ, ಹೇಳೋರು ಯಾರಿದ್ರು.

ಸರ್ಟಿಫಿಕೇಟಿನ ಕಥೆ ಇನ್ನೊಂದು. 2023ರ ನವೆಂಬರಲ್ಲಿ ಸುಪ್ರೀಂ ಕೋರ್ಟು 18 ತಿಂಗಳ ಕೋರ್ಸು ಎರಡು ವರ್ಷದ ಡಿಪ್ಲೊಮಾಗೆ ಸಮ ಅಲ್ಲ ಅಂದ್ಬಿಡ್ತು, ಆ ವಾರ ನನಗೆ ಊಟ ಸೇರ್ಲಿಲ್ಲ. 2024ರ ಡಿಸೆಂಬರಲ್ಲಿ ಅದೇ ಕೋರ್ಟು, 2017ರ ಆಗಸ್ಟ್ 10ಕ್ಕೆ ಕೆಲಸದಲ್ಲಿದ್ದು 2019ರ ಏಪ್ರಿಲ್ 1ರೊಳಗೆ ಮುಗಿಸಿದೋರದ್ದು ನಡೆಯುತ್ತೆ ಅಂತು. ಅಷ್ಟರಲ್ಲಿ ನಾನು ಟಿಇಟಿನೂ (ಟೀಚರ್ ಅರ್ಹತಾ ಪರೀಕ್ಷೆ) ಬರೆದು 150ಕ್ಕೆ 90 ದಾಟಿದ್ದೆ.

ಅಕ್ಕಂಗೆ ಇದ್ಯಾವ್ದೂ ಇರ್ಲಿಲ್ಲ, ಅವಳು ಸೇರಿದಾಗ ಟಿಇಟಿನೇ ಇರ್ಲಿಲ್ವಲ್ಲ. 2025ರ ಸೆಪ್ಟೆಂಬರ್ 1ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂತು, ರಿಟೈರ್ಮೆಂಟಿಗೆ ಐದು ವರ್ಷಕ್ಕಿಂತ ಜಾಸ್ತಿ ಇರೋ ಹಳೇ ಟೀಚರ್ಸೂ ಎರಡು ವರ್ಷದೊಳಗೆ ಟಿಇಟಿ ಪಾಸಾಗ್ಬೇಕು ಅಂತ. ಅವತ್ತು ರಾತ್ರಿನೇ ಅಕ್ಕನ ಫೋನು.

"ಲೇ, ನಿನ್ನ ಹತ್ರ ಚೈಲ್ಡ್ ಸೈಕಾಲಜಿಯ ಪಿಯಾಜೆ ನೋಟ್ಸ್ ಇದ್ಯೇನೇ?"