ನಾಲ್ವರಲ್ಲಿ ಒಬ್ಬಳು: ಫ್ರಾಂಕ್‌ಫರ್ಟ್‌ನ ಚೆಲ್ಲೊ ಕಲಾವಿದೆಯ ಬದುಕು

ಫ್ರಾಂಕ್‌ಫರ್ಟ್‌ನಲ್ಲಿ ನಾವಿರುವ ಕಟ್ಟಡದ ಮೇಲಿನ ಮಹಡಿಯಲ್ಲಿ ಒಬ್ಬ ಯುವತಿ ಇದ್ದಾಳೆ. ಚೆಲ್ಲೊ ನುಡಿಸುವುದೇ ಅವಳ ಉದ್ಯೋಗ. ಊರಿಗೆ ಫೋನು ಮಾಡಿದಾಗ ಅವಳ ಮಾತು ಬಂದರೆ ಎಲ್ಲರೂ ಕೇಳುವುದು ಒಂದನ್ನೇ: "ಅದು ಸರಿ, ಹೊಟ್ಟೆಪಾಡಿಗೆ ಏನು ಮಾಡುತ್ತಾಳೆ?" ಕೇಳುವುದು ಸಹಜ. ಆದರೆ ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ಉತ್ತರ ಅದಲ್ಲ. ಅವಳ ಪ್ರತಿಭೆ, ಶ್ರಮ ಎಷ್ಟು ಮುಖ್ಯವೋ ಅವುಗಳನ್ನು ಕೈಬಿಡದೆ ಹಿಡಿದಿರುವ ಈ ದೇಶದ ಏರ್ಪಾಡುಗಳೂ ಅಷ್ಟೇ ಮುಖ್ಯ. ಅವನ್ನೆಲ್ಲ ಒಮ್ಮೆ ಬಿಡಿಸಿ ಬರೆಯಬೇಕೆನ್ನಿಸಿತು.

ಚೆಲ್ಲೊ ಪಿಟೀಲಿನ ಮನೆತನದ್ದೇ ವಾದ್ಯ. ಕುಳಿತು, ಮೊಣಕಾಲುಗಳ ನಡುವೆ ಆನಿಸಿಕೊಂಡು ನುಡಿಸುತ್ತಾರೆ. ಚೇಂಬರ್ ಸಂಗೀತವೆಂದರೆ ಮುಂದೆ ನಿಂತು ಕೈಸನ್ನೆಯಿಂದ ನಡೆಸುವ ಕಂಡಕ್ಟರ್ ಇಲ್ಲದ ಪುಟ್ಟ ಮೇಳ. ಅಲ್ಲಿ ಒಬ್ಬೊಬ್ಬರದೂ ಬೇರೆಬೇರೆ ಪಾಲು. ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ಒಂದು ವಿಯೋಲ, ಒಂದು ಚೆಲ್ಲೊ ಸೇರಿದರೆ ಸ್ಟ್ರಿಂಗ್ ಕ್ವಾರ್ಟೆಟ್. ಇವಳು ಅಂಥದೊಂದು ಕ್ವಾರ್ಟೆಟ್‌ನ ಚೆಲ್ಲೊ.

ಇಲ್ಲಿನ ಮಕ್ಕಳು ಊರಿನ ಸಂಗೀತ ಶಾಲೆಯಲ್ಲಿ ಕಲಿತು, 1963ರಲ್ಲಿ ಶುರುವಾದ ‘ಯೂಗೆಂಟ್ ಮುಜಿಟ್ಸಿಯೆರ್ಟ್’ ಸ್ಪರ್ಧೆಗೆ ಇಳಿಯುತ್ತಾರೆ. ಅದು ವಲಯ, ರಾಜ್ಯ, ರಾಷ್ಟ್ರ ಎಂದು ಮೂರು ಹಂತಗಳಲ್ಲಿ ನಡೆಯುತ್ತದೆ. ನನಗೆ ಹಿಡಿಸಿದ ಸಂಗತಿಯೆಂದರೆ, ಒಂಟಿಯಾಗಿ ನುಡಿಸುವವರಿಗಷ್ಟೇ ಅಲ್ಲ, ಕೂಡಿ ನುಡಿಸುವವರಿಗೂ ಅಲ್ಲಿ ಪ್ರತ್ಯೇಕ ವಿಭಾಗಗಳಿವೆ. ಮುಂದೆ ಸಂಗೀತದ ಹೋಖ್‌ಶೂಲೆ, ಅಂದರೆ ವಿಶ್ವವಿದ್ಯಾಲಯದ ಮಟ್ಟದ ಸರ್ಕಾರಿ ಕಾಲೇಜು. ಪ್ರವೇಶಕ್ಕೆ ನುಡಿಸಿ ತೋರಿಸಬೇಕು; ಆ ಪರೀಕ್ಷೆ ಬಲು ಕಠಿಣ. ಗೆದ್ದವರಿಗೆ ಬಹುತೇಕ ರಾಜ್ಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ನಮ್ಮವರು ಗಮನಿಸಬೇಕಾದ ಒಂದು ಅಪವಾದವಿದೆ: ಬಾಡೆನ್-ವುರ್ಟೆಂಬರ್ಗ್ ರಾಜ್ಯವು ಐರೋಪ್ಯ ಒಕ್ಕೂಟದ ಹೊರಗಿನವರಿಂದ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ.

ಅವಳು ಸಾಧಕ ಮಾಡುವುದು ಮನೆಯಲ್ಲೇ. ವಾದ್ಯ ನುಡಿಸುವವರಿಗೂ ನೆರೆಯವರಿಗೂ ನಡೆಯುವ ತಕರಾರು ಇಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು. ಆಗ್ಸ್‌ಬರ್ಗ್‌ನ ತುತ್ತೂರಿ ವಾದಕರೊಬ್ಬರ ಮೊಕದ್ದಮೆಯಲ್ಲಿ 2018ರಲ್ಲಿ ಬಂದ ತೀರ್ಪು ಹೀಗಿದೆ: ಮನೆಯಲ್ಲಿ ವಾದ್ಯ ನುಡಿಸುವುದನ್ನು ಸಂಪೂರ್ಣ ನಿಷೇಧಿಸುವಂತಿಲ್ಲ, ವಾರದ ದಿನಗಳಲ್ಲಿ ಎರಡು ಮೂರು ಗಂಟೆ, ಭಾನುವಾರ ಹಾಗೂ ರಜಾ ದಿನಗಳಲ್ಲಿ ಒಂದೆರಡು ಗಂಟೆ ಎಂಬುದನ್ನು ಸ್ಥೂಲವಾದ ಅಳತೆಯಾಗಿ ಇಟ್ಟುಕೊಳ್ಳಬಹುದು, ಇದರಲ್ಲಿ ವೃತ್ತಿಪರರಿಗೂ ಹವ್ಯಾಸಿಗಳಿಗೂ ಭೇದವಿಲ್ಲ. ವೃತ್ತಿನಿರತರಿಗೆ ಎರಡು ಮೂರು ಗಂಟೆ ಯಾವ ಮೂಲೆಗೂ ಸಾಲದು. ನಮ್ಮ ಕಟ್ಟಡದವರು ಮಾತಾಡಿಕೊಂಡು ಇನ್ನಷ್ಟು ಹೊತ್ತು ಬಿಟ್ಟುಕೊಟ್ಟಿದ್ದೇವೆ.

ಹೋಖ್‌ಶೂಲೆ ಮುಗಿದ ಮೇಲೆ ಎಲ್ಲರಿಗೂ ಕಾಣುವ ಹೆದ್ದಾರಿ ಆರ್ಕೆಸ್ಟ್ರಾ, ಅಂದರೆ ಹತ್ತಾರು ವಾದಕರ ದೊಡ್ಡ ಮೇಳ. ಸಂಬಳ, ಪಿಂಚಣಿ, ಭದ್ರತೆ ಎಲ್ಲ ಅಲ್ಲಿವೆ. ಸಾರ್ವಜನಿಕ ಹಣದಿಂದ ನಡೆಯುವ ಆರ್ಕೆಸ್ಟ್ರಾಗಳು ಜರ್ಮನಿಯಲ್ಲಿ 1992ರಲ್ಲಿ 168 ಇದ್ದವು. ಈಚಿನ ಎಣಿಕೆಗಳಲ್ಲಿ ಅವು ಸುಮಾರು 130ಕ್ಕೆ ಇಳಿದಿವೆ. ಇಳಿದರೂ ಸಣ್ಣ ಸಂಖ್ಯೆಯೇನಲ್ಲ. ಆದರೆ ಆ ಬಾಗಿಲು ಕಿರಿದು. ಆಯ್ಕೆಯ ಮೊದಲ ಸುತ್ತಿನಲ್ಲಿ ಸಾಮಾನ್ಯವಾಗಿ ಪರದೆಯ ಹಿಂದೆ ನುಡಿಸಬೇಕು. ಚೆಲ್ಲೊದವರು ಹೆಚ್ಚಾಗಿ ಎದುರಿಸುವುದು ಸಂಗೀತ ರಚನಕಾರ ಹೈಡನ್ 1783ರಲ್ಲಿ ಬರೆದ ಡಿ ಮೇಜರ್ ಕನ್‌ಚೆರ್ಟೊವನ್ನು, ಅಂದರೆ ಆರ್ಕೆಸ್ಟ್ರಾದ ಜೊತೆ ಒಂಟಿ ಚೆಲ್ಲೊ ಮುಂದೆ ನಿಲ್ಲುವ ಕೃತಿಯನ್ನು. ಬೆರಳು ಕೂದಲೆಳೆಯಷ್ಟು ಜಾರಿದರೂ ಅದರಲ್ಲಿ ಬಚ್ಚಿಡುವಂತಿಲ್ಲ. ಗೆದ್ದ ಮೇಲೂ ಒಂದು ಪರೀಕ್ಷಾವಧಿ ಇರುತ್ತದೆ. ಅದರ ಕೊನೆಗೆ ಸಹೋದ್ಯೋಗಿಗಳು ಮತ ಹಾಕುತ್ತಾರೆ. ಅವಳೂ ಒಂದೆರಡು ಕಡೆ ನುಡಿಸಿ ಬಂದಳು; ಒಂದರಲ್ಲಿ ಕೊನೆಯ ಸುತ್ತಿನವರೆಗೂ ಹೋದಳು. ಆ ಹೊತ್ತಿಗೆ ಕ್ವಾರ್ಟೆಟ್ ಹದಕ್ಕೆ ಬಂದಿತ್ತು. ಅರ್ಜಿ ಹಾಕುವುದನ್ನು ನಿಲ್ಲಿಸಿದಳು.

ಯಾಕೆ ಹಾಗೆ ಮಾಡಿದಳು ಎಂಬುದು ನನಗೆ ಹೊಳೆದದ್ದು ಅವರ ತಾಲೀಮಿಗೆ ಹೋಗಿ ಕುಳಿತಾಗ. ಅಂದು ಎತ್ತಿಕೊಂಡಿದ್ದು ಬೆಥೋವನ್ 1806ರಲ್ಲಿ ವಿಯೆನ್ನಾದ ರಷ್ಯನ್ ರಾಯಭಾರಿ ರಜುಮೋವ್‌ಸ್ಕಿಗಾಗಿ ಬರೆದ ಮೂರು ಕ್ವಾರ್ಟೆಟ್‌ಗಳಲ್ಲಿ ಮೊದಲನೆಯದು. ಮೊದಲು ಶ್ರುತಿ. ತಂತಿಯಿಂದ ತಂತಿಗೆ ಶುದ್ಧ ಪಂಚಮ ಇಟ್ಟುಕೊಂಡೇ ಹೋದರೆ ಚೆಲ್ಲೊದ ಅತಿ ಕೆಳಗಿನ ‘ಸಿ’ ತಂತಿಗೂ ಪಿಟೀಲಿನ ಅತಿ ಮೇಲಿನ ‘ಇ’ ತಂತಿಗೂ ಕೂಡುವುದಿಲ್ಲ. ಮೇಲಿನದು ತುಸು ಏರಿಬಿಟ್ಟಿರುತ್ತದೆ. ಅದಕ್ಕಾಗಿ ಅವಳು ತನ್ನ ‘ಸಿ’ ತಂತಿಯನ್ನು ಒಂದಿಷ್ಟೇ ಇಷ್ಟು ಬಿಗಿ ಮಾಡುತ್ತಾಳೆ. ನಾಲ್ವರೂ ಕಣ್ಣು ಮುಚ್ಚಿ ಕೇಳುತ್ತಾರೆ. ಯಾರೋ ತಲೆಯಾಡಿಸುತ್ತಾರೆ, ಮತ್ತೆ ಬಿರಡೆಗೆ ಕೈ ಹೋಗುತ್ತದೆ.

ಆ ಕೃತಿ ಚೆಲ್ಲೊ ನುಡಿಸುವ ರಾಗದಿಂದಲೇ ಹೊರಡುತ್ತದೆ. ಎರಡನೆಯ ಪಿಟೀಲೂ ವಿಯೋಲವೂ ಅದರ ಮೇಲೆ ಒಂದೇ ಸಮನೆ ಸಣ್ಣ ಸ್ವರಗಳನ್ನು ಮಿಡಿಯುತ್ತಿರುತ್ತವೆ. ಮೊದಲ ಕೆಲವೇ ಸಾಲುಗಳಲ್ಲಿ ಅವರು ಬಹಳ ಹೊತ್ತು ನಿಂತರು. ಕಮಾನನ್ನು ಎಲ್ಲಿ ತಿರುಗಿಸಬೇಕು, ಮಿಡಿತ ರಾಗವನ್ನು ತಳ್ಳಬೇಕೋ ಅದರ ಬೆನ್ನ ಹಿಂದೆ ನಡೆಯಬೇಕೋ ಎಂದು ವಾದ ನಡೆಯಿತು. ರಾಗ ತನ್ನದಾದರೂ ಅದರ ಉಸಿರು ಎರಡನೆಯ ಪಿಟೀಲಿನವನ ಕೈಯಲ್ಲಿದೆ ಎಂದು ಆಮೇಲೆ ಅವಳು ಹೇಳಿದಳು. ಅವನು ಒಂದು ಕ್ಷಣ ಅವಸರಪಟ್ಟರೆ ಇವಳ ರಾಗ ಮುಗ್ಗರಿಸುತ್ತದೆ. ಇನ್ನೊಬ್ಬರ ಕೈಯಲ್ಲಿ ತನ್ನ ಉಸಿರು ಇಡುವ ಈ ನಂಬಿಕೆ ನನಗೆ ಬೇರೆ ಯಾವ ಉದ್ಯೋಗದಲ್ಲೂ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ. ಇದೇ ಕೃತಿಯ ಎರಡನೆಯ ಭಾಗವನ್ನು ಚೆಲ್ಲೊ ಒಂದೇ ಸ್ವರ ತಟ್ಟುತ್ತ ಶುರು ಮಾಡುತ್ತದೆ. ಆ ಕಾಲದ ಹೆಸರಾಂತ ಚೆಲ್ಲೊ ವಾದಕ ರೊಂಬೆರ್ಗ್ ಇದನ್ನು ಅವಮಾನವೆಂದು ಬಗೆದು ಹಾಳೆಯನ್ನು ನೆಲಕ್ಕೆಸೆದು ತುಳಿದನೆಂಬ ಕಥೆಯಿದೆ. ಇವಳಿಗೆ ಆ ಒಂದು ಸ್ವರವೆಂದರೆ ಪ್ರಾಣ.

ಇನ್ನು ದುಡ್ಡಿನ ಮಾತು. ಒಳ್ಳೆಯ ಹಳೆಯ ಚೆಲ್ಲೊ ಕೊಳ್ಳುವುದು ಈ ವಯಸ್ಸಿನವರ ಕೈಗೆ ಎಟುಕದು. ಹ್ಯಾಂಬರ್ಗ್‌ನಲ್ಲಿ 1993ರಿಂದ ಒಂದು ರಾಷ್ಟ್ರೀಯ ವಾದ್ಯನಿಧಿ ಇದೆ. ಸ್ಪರ್ಧೆಯಲ್ಲಿ ನುಡಿಸಿ ಗೆದ್ದ ಯುವಕಲಾವಿದರಿಗೆ ಅದು ಬೆಲೆಬಾಳುವ ವಾದ್ಯಗಳನ್ನು ಎರವಲು ಕೊಡುತ್ತದೆ. ಇವಳ ಚೆಲ್ಲೊವೂ ಎರವಲೇ, ಒಂದು ದಿನ ಹಿಂದಿರುಗಿಸಬೇಕಾದದ್ದು. ವಿಮಾನದಲ್ಲಿ ಹೋಗುವಾಗ ನಾಲ್ವರ ಕ್ವಾರ್ಟೆಟ್‌ಗೆ ಐದು ಟಿಕೆಟ್ ಬೇಕು, ಐದನೆಯ ಸೀಟು ಚೆಲ್ಲೊದ್ದು. ಸಂಭಾವನೆ ಮಾತ್ರ ನಾಲ್ಕು ಪಾಲು. ಪುಟ್ಟ ಊರುಗಳಲ್ಲಿ ಸಂಗೀತಪ್ರಿಯರೇ ಸಂಬಳವಿಲ್ಲದೆ ನಡೆಸುವ ಚೇಂಬರ್ ಸಂಗೀತ ಸಂಘಗಳಿವೆ. ಈ ಕ್ವಾರ್ಟೆಟ್‌ನ ಬಹುಪಾಲು ಸಂಗೀತ ಕಚೇರಿಗಳು ಅಲ್ಲಿಯೇ. ವಾರಕ್ಕೆರಡು ಮಧ್ಯಾಹ್ನ ಅವಳು ಸಂಗೀತ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಹೆರೆನ್‌ಬೆರ್ಗ್ ಎಂಬ ಊರಿನ ಸಂಗೀತ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ, ಅವರು ಸ್ವತಂತ್ರ ವೃತ್ತಿಯವರಲ್ಲ, ಉದ್ಯೋಗಿಯೇ ಎಂದು 2022ರಲ್ಲಿ ತೀರ್ಪು ಬಂದ ಮೇಲೆ ಇಂಥ ಶಿಕ್ಷಕರ ಸ್ಥಿತಿ ಎಲ್ಲೆಡೆ ಚರ್ಚೆಗೆ ಬಂತು.

ಎಲ್ಲಕ್ಕಿಂತ ನಾನು ಮೆಚ್ಚಿದ್ದು ಕಲಾವಿದರ ಸಾಮಾಜಿಕ ವಿಮೆಯನ್ನು. 1983ರಲ್ಲಿ ಜಾರಿಗೆ ಬಂದ ವ್ಯವಸ್ಥೆ ಇದು. ಆರೋಗ್ಯ ವಿಮೆಗೂ ಪಿಂಚಣಿಗೂ ಸ್ವತಂತ್ರ ಕಲಾವಿದರು ಅರ್ಧ ಕಟ್ಟಿದರೆ ಸಾಕು. ಉಳಿದ ಅರ್ಧದಲ್ಲಿ, ಒಟ್ಟು ಮೊತ್ತದ ಶೇಕಡ 30 ಭಾಗ ಕಲಾವಿದರನ್ನು ದುಡಿಸಿಕೊಳ್ಳುವ ಸಂಸ್ಥೆಗಳಿಂದ, ಶೇಕಡ 20 ಭಾಗ ಕೇಂದ್ರ ಸರ್ಕಾರದಿಂದ ಬರುತ್ತದೆ. ವರ್ಷಕ್ಕೆ ಇಷ್ಟಾದರೂ ಸಂಪಾದನೆ ಇರಬೇಕೆಂಬ ನಿಯಮವಿದೆ. ವೃತ್ತಿಗೆ ಹೊಸದಾಗಿ ಇಳಿದವರಿಗೆ ಮೊದಲ ಮೂರು ವರ್ಷ ಅದೂ ಇಲ್ಲ. ಜ್ವರ ಬಂದರೆ ಅವಳು ಹೆದರದೆ ಆಸ್ಪತ್ರೆಗೆ ಹೋಗಬಲ್ಲಳು.

ರಜೆ ಸಿಕ್ಕರೆ ಅವಳೊಡನೆ ನಾನೂ ಎಸ್4 ರೈಲು ಹತ್ತಿ ಕ್ರೋನ್‌ಬೆರ್ಗ್‌ಗೆ ಹೋಗುತ್ತೇನೆ. ಬೆಟ್ಟದ ತಪ್ಪಲಿನ ಆ ಪುಟ್ಟ ಊರಿನಲ್ಲಿ 1993ರಲ್ಲಿ ಹುಟ್ಟಿದ ಕ್ರೋನ್‌ಬೆರ್ಗ್ ಅಕಾಡೆಮಿ ಇದೆ. 2022ರಲ್ಲಿ ತೆರೆದ ಅದರ ಸಭಾಂಗಣಕ್ಕೆ ಚೆಲ್ಲೊ ಮಾಂತ್ರಿಕ ಪಾಬ್ಲೊ ಕಸಾಲ್ಸ್‌ನ ಹೆಸರಿಟ್ಟಿದ್ದಾರೆ. ಅಲ್ಲಿ 2000ದಿಂದ ನಡೆದುಬಂದಿರುವ ಒಂದು ಕಾರ್ಯಕ್ರಮದಲ್ಲಿ ಹೆಸರಾಂತ ಹಿರಿಯರು ಯುವಕಲಾವಿದರ ಜೊತೆ ಒಂದೇ ಮೇಳದಲ್ಲಿ ಕುಳಿತು ತಾಲೀಮು ಮಾಡಿ ನುಡಿಸುತ್ತಾರೆ. ಅದನ್ನು ನೋಡಿದ ಮೇಲೆ ಅವಳಿಗೆ ಒಂದು ಆಸೆ ಹುಟ್ಟಿತು: ಶುಬರ್ಟ್ ತಾನು ಸಾಯುವ ವರ್ಷ, 1828ರಲ್ಲಿ, ಎರಡು ಚೆಲ್ಲೊಗಳನ್ನಿಟ್ಟು ಐವರಿಗಾಗಿ ಬರೆದ ಕ್ವಿಂಟೆಟ್ ಅನ್ನು ತನ್ನ ಗುರುಗಳ ಜೊತೆ ನುಡಿಸಬೇಕೆಂದು. ಗುರುಗಳು ಒಪ್ಪಿದ್ದಾರೆ. ಮುಂದಿನ ಚಳಿಗಾಲಕ್ಕೆ ಕಚೇರಿ ಗೊತ್ತಾಗಿದೆ. ಮೊದಲ ಚೆಲ್ಲೊ ಗುರುಗಳದೇ ಆಗಲೆಂದು ಇವಳು ಕೇಳಿಕೊಂಡಳಂತೆ. ಅವರು ಎರಡನೆಯ ಚೆಲ್ಲೊದ ಹಾಳೆಗಳನ್ನು ಎತ್ತಿಕೊಂಡು ಆಗಲೇ ಸಾಧಕ ಶುರು ಮಾಡಿದ್ದಾರೆ.