ಇನ್ವರ್ಷನ್ ಅಭ್ಯಾಸ: ಹದಿನಾಲ್ಕನೇ ವಾರ

ಈ ವಾರದ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಕಿವಿಯಿಂದ ಗುರುತಿಸಬೇಕಾದ 30 ಕಾರ್ಡ್‌ಗಳಲ್ಲಿ (chord, ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) 23 ಸರಿ. ತಪ್ಪಾದ ಏಳರಲ್ಲಿ ಐದು ಒಂದೇ ಜಾತಿಯವು. ಆ ಐದು ಯಾಕೆ ತಪ್ಪಿದವು ಅಂತ ನಿನ್ನೆ ರಾತ್ರಿ ಹೊಳೆಯಿತು. ಮರೆಯುವ ಮುಂಚೆ ಬರೆದಿಡಬೇಕು.

ಹೊಸಬರಿಗೆ ಚುಟುಕಾಗಿ: ಮಗಳು ಕೀಬೋರ್ಡಿನಲ್ಲಿ ಮೂರು ಸ್ವರ ಒಟ್ಟಿಗೆ ಒತ್ತುತ್ತಾಳೆ. ನಾನು ಗೋಡೆ ನೋಡುತ್ತಾ ಕೂತು, ತಳದಲ್ಲಿ ಯಾವ ಸ್ವರ ಇದೆ ಅಂತ ಹೇಳಬೇಕು. ಸಿ ಮೇಜರ್ ಅಂದರೆ ಸಿ, ಇ, ಜಿ. ಸಿ, ಅಂದರೆ ಕಾರ್ಡಿಗೆ ಹೆಸರು ಕೊಡುವ ರೂಟ್ ಸ್ವರ, ಕೆಳಗಿದ್ದರೆ ರೂಟ್ ಪೊಸಿಷನ್. ಸಿಯನ್ನು ಮೇಲಿನ ಸ್ಥಾಯಿಗೆ ಎತ್ತಿದರೆ ಇ, ಜಿ, ಸಿ. ಅದು ಫಸ್ಟ್ ಇನ್ವರ್ಷನ್. ಇಯನ್ನೂ ಎತ್ತಿದರೆ ಜಿ, ಸಿ, ಇ. ಅದು ಸೆಕೆಂಡ್. ಫ್ರಾನ್ಸಿನ ಸಂಗೀತಶಾಸ್ತ್ರಜ್ಞ ರಾಮೋ 1722ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇವು ಮೂರೂ ಒಂದೇ ಕಾರ್ಡ್ ಎಂದು ವಾದಿಸಿದ. ಕಾಗದದ ಮೇಲೆ ನಾನೂ ಒಪ್ಪಿದೆ. ಕಿವಿ ಒಪ್ಪಲಿಲ್ಲ.

ಮೊದಲ ಮೂರು ವಾರ ಬೀಗುತ್ತಾ ಓಡಾಡಿದ್ದೆ. 20ಕ್ಕೆ 18, ಕೆಲವು ದಿನ 19. ಆದರೆ ಆಗ ನಾವು ನುಡಿಸುತ್ತಿದ್ದದ್ದು ಬರೀ ಸಿ ಮೇಜರ್. ನಾನು ತಳ ಕೇಳುತ್ತಲೇ ಇರಲಿಲ್ಲ. ತುದಿಯ ಸ್ವರ ಸಿ ಆದರೆ ಫಸ್ಟ್, ಇ ಆದರೆ ಸೆಕೆಂಡ್ ಅಂತ ಬಾಯಿಪಾಠ ಮಾಡಿಕೊಂಡಿದ್ದೆ. ಒಂದು ಸಂಜೆ ಮಗಳು ಎಲ್ಲೆಲ್ಲಿಂದಲೋ ಶುರು ಮಾಡಿದಳು. ಎಫ್ ಶಾರ್ಪ್, ಬಿ ಫ್ಲ್ಯಾಟ್, ಡಿ. 20ಕ್ಕೆ 8 ಬಂತು. ಕಿವಿ ಮುಚ್ಚಿ ಊಹೆ ಮಾಡಿದರೂ ಆರೇಳು ಬರುತ್ತದೆ, ಅಲ್ವಾ?

"ಅಪ್ಪಾ, ನೀನು ಕೇಳ್ತಾನೇ ಇರ್ಲಿಲ್ಲ" ಅಂದಳು.

ಆಮೇಲಿನ ಎರಡು ವಾರ ಫೋನಿನಲ್ಲಿ ಹಾಡು ಹಾಕಿ ಬೇಸ್, ಅಂದರೆ ತಳದ ಸ್ವರ, ಹುಡುಕಿದೆ. ಅದು ಪೂರ್ತಿ ದಂಡ. ಬೇಸ್ ಗಿಟಾರಿನ ದಪ್ಪ ತಂತಿ ಸುಮಾರು 41 ಹರ್ಟ್ಜ್. ಫೋನಿನ ಪುಟ್ಟ ಸ್ಪೀಕರ್ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಇಯರ್‌ಫೋನ್ ಹಾಕಿದ ಮೇಲೆ ಹಾಡುಗಳಿಗೆ ತಳ ಬಂತು.

ನಿಜವಾದ ತಿರುವು ಬಂದದ್ದು ಅಮ್ಮನಿಂದ. ಚಿಕ್ಕಂದಿನಲ್ಲಿ ನನಗೆ ಸರಳೆ, ಜಂಟಿ ಹೇಳಿಕೊಟ್ಟವಳು ಅವಳೇ. ಕಾರ್ಡ್ ಅಂದರೆ ಅವಳಿಗೆ ಅಷ್ಟಕ್ಕಷ್ಟೆ. ಆ ದಿನ ಬಟ್ಟೆ ಮಡಚುತ್ತಾ ಅಲ್ಲೇ ಕೂತಿದ್ದಳು. ಮಗಳು ಎಫ್ ಶಾರ್ಪ್ ಮೇಜರಿನ ಫಸ್ಟ್ ಇನ್ವರ್ಷನ್ ಒತ್ತಿದಳು. ನಾನು ತಡಕಾಡುತ್ತಿದ್ದೆ. ಅಮ್ಮ ತಲೆ ಎತ್ತದೆ "ಸ, ಗ, ದ" ಅಂತ ಗುನುಗಿದಳು.

"ಷಡ್ಜ ಅದಲ್ಲಮ್ಮ, ಅದು ಮೇಲಿದೆ" ಅಂದೆ.

"ಕೆಳಗಡೆ ನಿಂತಿರೋದೇ ಕಣೋ ಶ್ರುತಿ. ಹಿಂದೋಳ ರಾಗದ ಹಾಗೆ ಕೇಳ್ತಿದೆ."

ಇಷ್ಟು ದಿನ ನಾನು ಜಗಳ ಆಡುತ್ತಿದ್ದದ್ದು ಇದರ ಜೊತೆಗೇ. ತಂಬೂರಿಯಲ್ಲಿ ಬೆಳೆದ ಕಿವಿ ತಳದ ಸ್ವರವನ್ನು ಷಡ್ಜ ಅಂತ ಹಿಡಿದುಬಿಡುತ್ತದೆ. ನಾನು ಅದನ್ನು ಬಿಡಿಸಲು ಒದ್ದಾಡುತ್ತಿದ್ದೆ. ಬಿಡಿಸುವುದು ಯಾಕೆ? ಹಿಡಿದುಕೊಳ್ಳಲಿ. ತಳವನ್ನೇ ಸ ಅಂತ ಇಟ್ಟುಕೊಂಡು ಮೇಲಿನ ಎರಡನ್ನು ಹಾಡಿದರೆ ಆಯಿತು. ರೂಟ್ ಪೊಸಿಷನ್‌ನಲ್ಲಿ ಸ, ಅಂತರ ಗಾಂಧಾರ, ಪ. ಫಸ್ಟ್‌ನಲ್ಲಿ ಸ, ಸಾಧಾರಣ ಗಾಂಧಾರ, ಶುದ್ಧ ಧೈವತ. ಸೆಕೆಂಡ್‌ನಲ್ಲಿ ಸ, ಶುದ್ಧ ಮಧ್ಯಮ, ಚತುಶ್ರುತಿ ಧೈವತ.

ಹಿಂದೋಳ ಅಂತ ಅವಳಿಗೆ ಅನಿಸಿದ್ದೂ ಸುಮ್ನೆ ಅಲ್ಲ. ಇದು ನಮ್ಮ ಹಳೆಯ ಗ್ರಹಭೇದ: ಒಂದು ರಾಗದ ಬೇರೊಂದು ಸ್ವರವನ್ನು ಷಡ್ಜ ಮಾಡಿಕೊಂಡರೆ ಇನ್ನೊಂದು ರಾಗ ಸಿಗುತ್ತದೆ. ಕೀಬೋರ್ಡಿನ ಐದು ಕಪ್ಪು ಮನೆಗಳನ್ನೇ ತೆಗೆದುಕೊಳ್ಳಿ. ಎಫ್ ಶಾರ್ಪ್ ಷಡ್ಜ ಆದರೆ ಮೋಹನ. ಅದರ ಗಾಂಧಾರ, ಅಂದರೆ ಎ ಶಾರ್ಪ್, ಷಡ್ಜ ಆದರೆ ಹಿಂದೋಳ. ಪಂಚಮ, ಅಂದರೆ ಸಿ ಶಾರ್ಪ್, ಷಡ್ಜ ಆದರೆ ಶುದ್ಧ ಸಾವೇರಿ. ಎಫ್ ಶಾರ್ಪ್ ಮೇಜರಿನ ಮೂರು ಸ್ವರಗಳೂ ಕಪ್ಪು ಮನೆಯವೇ. ಹಾಗಾಗಿ ರೂಟ್ ಪೊಸಿಷನ್ ಮೋಹನದ ತುಣುಕು, ಫಸ್ಟ್ ಹಿಂದೋಳದ್ದು, ಸೆಕೆಂಡ್ ಶುದ್ಧ ಸಾವೇರಿಯದು. ಮೂರೇ ಸ್ವರಕ್ಕೆ ರಾಗದ ಹೆಸರು ಇಟ್ಟರೆ ವಿದ್ವಾಂಸರು ಬೈದಾರು. ಬೈಯಲಿ. ನನಗೆ ಬೇಕಾದದ್ದು ಒಂದು ಕೊಕ್ಕೆ, ಅಷ್ಟೇ. ಮಾರನೇ ವಾರ 30ಕ್ಕೆ 25.

ಅಲ್ಲಿಗೆ ಮುಗಿಯಿತು ಅಂದುಕೊಂಡು ಈ ವಾರ ಮೈನರ್ ಕಾರ್ಡ್‌ಗಳನ್ನೂ (ಮೇಜರಿನ ನಡುವಿನ ಸ್ವರ ಒಂದು ಮನೆ ತಗ್ಗಿದವು) ಬೆರೆಸಿದೆವು. ಈಗ ಆ ಐದು ತಪ್ಪಿಗೆ ಬರುತ್ತೇನೆ. ಐದರಲ್ಲೂ ಮಗಳು ಒತ್ತಿದ್ದು ಮೈನರಿನ ಫಸ್ಟ್ ಇನ್ವರ್ಷನ್. ನಾನು ಹೇಳಿದ್ದು ಮೇಜರ್, ರೂಟ್. ಉದಾಹರಣೆಗೆ ಡಿ ಶಾರ್ಪ್ ಮೈನರ್. ಅದನ್ನು ಒಂದು ಸಲ ಮಗುಚಿದರೆ ಎಫ್ ಶಾರ್ಪ್, ಎ ಶಾರ್ಪ್, ಡಿ ಶಾರ್ಪ್. ತಳದಿಂದ ಹಾಡಿ ನೋಡಿ: ಸ, ಅಂತರ ಗಾಂಧಾರ, ಚತುಶ್ರುತಿ ಧೈವತ. ಇದೂ ಮೋಹನವೇ! ನನ್ನ ಕಿವಿ ಸ-ಗ ಕೇಳಿದ ತಕ್ಷಣ ಮೋಹನ ಅಂತ ಗುರುತು ಹಾಕಿ, ಮೇಲಿರುವುದು ಪಂಚಮವೋ ಧೈವತವೋ ಅಂತ ನೋಡದೆ ಎದ್ದು ಹೋಗುತ್ತಿತ್ತು. ಕೊಕ್ಕೆಯೇ ಕಾಲಿಗೆ ಸಿಕ್ಕಿಕೊಂಡಿತು. ಮೈನರಿನ ಸೆಕೆಂಡ್ ಇನ್ವರ್ಷನ್ ಕೂಡ ಹಿಂದೋಳದಲ್ಲೇ ಬಂದು ಕೂರುತ್ತದೆ: ಸ, ಶುದ್ಧ ಮಧ್ಯಮ, ಶುದ್ಧ ಧೈವತ. ಅಲ್ಲಿ ಒಂದೇ ಸಲ ಎಡವಿದ್ದೇನೆ. ಮಧ್ಯಮ ಬೇಗ ಗೊತ್ತಾಗುತ್ತದೆ ಅಂತ ಕಾಣುತ್ತದೆ.

ರಾಗದ ಹೆಸರು ಸಾಲದು, ಇನ್ನೊಂದು ಪರೀಕ್ಷೆ ಬೇಕು. ಅದೂ ತಂಬೂರಿಯಲ್ಲೇ ಸಿಕ್ಕಿತು. ತಂಬೂರಿಯಲ್ಲಿ ಮೊದಲು ಮಂದ್ರ ಪಂಚಮ, ಆಮೇಲೆ ಷಡ್ಜ. ಆ ಪ-ಸ ನೆಗೆತ ನಿದ್ದೆಯಲ್ಲಿ ಎಬ್ಬಿಸಿ ಕೇಳಿಸಿದರೂ ನನಗೆ ಗೊತ್ತಾಗುತ್ತದೆ. ಮೇಜರ್ ಆಗಲಿ ಮೈನರ್ ಆಗಲಿ, ಮೂರು ಸ್ವರ ಒತ್ತೊತ್ತಾಗಿ ಇದ್ದಾಗ ರೂಟ್ ಪೊಸಿಷನ್‌ನಲ್ಲಿ ಈ ನೆಗೆತ ಇರುವುದಿಲ್ಲ. ಫಸ್ಟ್‌ನಲ್ಲಿ ಮೇಲಿನ ಎರಡು ಸ್ವರಗಳ ಮಧ್ಯೆ ಇರುತ್ತದೆ. ಸೆಕೆಂಡ್‌ನಲ್ಲಿ ಕೆಳಗಿನ ಎರಡರ ಮಧ್ಯೆ. ಎಲ್ಲೇ ಇದ್ದರೂ ನೆಗೆದು ಮುಟ್ಟುವ ಸ್ವರವೇ ರೂಟ್. ರಾಮೋ ಹೇಳಿದ್ದನ್ನು ನನ್ನ ಕಿವಿ ಈಗ ಅರ್ಧ ಒಪ್ಪಿದೆ.

ಸೆಕೆಂಡ್ ಇನ್ವರ್ಷನ್‌ಗೆ ಒಂದು ಬೋನಸ್ ಗುರುತೂ ಇದೆ. ಜಿ, ಸಿ, ಇ ನುಡಿಸಿ, ಜಿ ಬಿಡದೆ ಮೇಲಿನ ಎರಡನ್ನು ಬಿ, ಡಿಗೆ ಇಳಿಸಿ. ಮಧ್ಯಮ ಗಾಂಧಾರಕ್ಕೆ, ಧೈವತ ಪಂಚಮಕ್ಕೆ ಜಾರುತ್ತವೆ. ಆಮೇಲೆ ಸಿ ಮೇಜರ್‌ಗೆ ಬಂದರೆ ಮನೆ ಸೇರಿದ ಹಾಗೆ. ಪಾಶ್ಚಾತ್ಯ ಕನ್ಸರ್ಟೊಗಳಲ್ಲಿ ಕಡೆನ್ಜಾಗೆ, ಅಂದರೆ ಮುಖ್ಯ ವಾದಕ ಒಬ್ಬನೇ ನುಡಿಸುವ ಭಾಗಕ್ಕೆ, ಮುಂಚೆ ಆರ್ಕೆಸ್ಟ್ರಾ ಸಾಮಾನ್ಯವಾಗಿ ಬಂದು ನಿಲ್ಲುವುದು ಈ ಸೆಕೆಂಡ್ ಇನ್ವರ್ಷನ್ ಮೇಲೆಯೇ. ನಮ್ಮ ಕಛೇರಿಯಲ್ಲಿ ಉಳಿದವರು ಸುಮ್ಮನಾಗಿ ಮೃದಂಗದ ತನಿಗೆ ಜಾಗ ಬಿಡುತ್ತಾರಲ್ಲ, ಹಾಗೆ.

ಮುಂದಿನ ವಾರ ಗಿಟಾರ್. ಸ್ವರಗಳು ಅಲ್ಲಿ ದೂರ ದೂರ ಹರಡಿರುತ್ತವೆ, ಪ-ಸ ಉಪಾಯ ಎಷ್ಟು ನಡೆಯುತ್ತದೋ ನೋಡಬೇಕು. ಡಿ ಕಾರ್ಡ್ ಹಿಡಿದು ಖಾಲಿ ಎ ತಂತಿಯನ್ನೂ ಮೀಟಿದರೆ ಅದು ಸೆಕೆಂಡ್ ಇನ್ವರ್ಷನ್. ಸಿ ಹಿಡಿದು ದಪ್ಪ ಇ ತಂತಿಯನ್ನೂ ಮೀಟಿದರೆ ಫಸ್ಟ್. ಅಂದರೆ ಕಾಲೇಜಿನಲ್ಲಿ ಆರೂ ತಂತಿ ಬಾರಿಸುತ್ತಿದ್ದಾಗ ಗೊತ್ತಿಲ್ಲದೆ ಎಷ್ಟು ಇನ್ವರ್ಷನ್ ನುಡಿಸಿದ್ದೆನೋ!

ನಿನ್ನೆ 30 ಮುಗಿದ ಮೇಲೆ ಮಗಳು "ಇನ್ನೊಂದೇ ಒಂದು" ಅಂತ ಸಿ, ಇ, ಜಿ ಶಾರ್ಪ್ ಒತ್ತಿದಳು. ಆಗ್ಮೆಂಟೆಡ್, ಅಂದರೆ ಮೇಜರಿನ ಮೇಲಿನ ಸ್ವರ ಒಂದು ಮನೆ ಏರಿದ್ದು. ಹೇಗೆ ಮಗುಚಿದರೂ ತಳದಿಂದ ಸ, ಅಂತರ ಗಾಂಧಾರ, ಶುದ್ಧ ಧೈವತವೇ. ನಾನು ಐದು ನಿಮಿಷ ಯೋಚಿಸಿ "ಫಸ್ಟ್" ಅಂದೆ. ಅವಳು ನಕ್ಕ ರೀತಿ ನೋಡಿ ಅಮ್ಮ ಅಡುಗೆಮನೆಯಿಂದ ಬಂದು ಏನಾಯಿತು ಅಂತ ಕೇಳಿದಳು. ಅದನ್ನು ನಾನು ಲೆಕ್ಕಕ್ಕೆ ಸೇರಿಸಿಲ್ಲ.