ಗ್ರಾಮಸಭೆಗೆ ಹೋಗಿ ಮಾರಾಯ್ರೆ

ವೋಟು ಹಾಕಿ ಬಂದರೆ ಮುಗಿಯಿತು ಅಂತ ನಮ್ಮ ಶಿರಸಿ ಕಡೆ ಎಷ್ಟೋ ಜನ ಅಂದುಕೊಂಡಿದ್ದಾರೆ. ಆದರೆ 1980ರ ದಶಕದ ಆರಂಭದಲ್ಲಿ ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ವಿದ್ಯುತ್ ಯೋಜನೆಯ ಮಾತು ಜೋರಾದಾಗ ಇಲ್ಲಿನ ಅಡಿಕೆ ಬೆಳೆಗಾರರು ಸುಮ್ನೆ ಘೋಷಣೆ ಕೂಗಿ ಮನೆಗೆ ಹೋಗಲಿಲ್ಲ. ವಿಜ್ಞಾನಿಗಳನ್ನು ಶಿರಸಿಗೇ ಕರೆಸಿ, ಮುಳುಗುವ ತೋಟ, ಕಾಡಿನ ಬೆಲೆ ಎಷ್ಟು, ಸಿಗುವ ಕರೆಂಟಿನ ಲಾಭ ಎಷ್ಟು ಅಂತ ಚರ್ಚೆ ಮಾಡಿಸಿದರು. ಯೋಜನೆ ನಿಂತಿತು.

ಈಗ ಲೆಕ್ಕ ಕೇಳುವುದು ಇನ್ನೂ ಸುಲಭ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಅರ್ಜಿ ಕೊಟ್ಟರೆ 30 ದಿನದೊಳಗೆ ಉತ್ತರ ಕೊಡಬೇಕು (ಕೊಡದಿದ್ದರೆ ಮೇಲ್ಮನವಿ ಇದೆ). ಗ್ರಾಮಸಭೆಯಲ್ಲಂತೂ ಕೇಳಲು ದುಡ್ಡೇ ಬೇಡ. ನನಗೆ ಸಿಟ್ಟು ಬರುವುದು ಇಲ್ಲೇ: ಅಲ್ಲಿ ಖುರ್ಚಿ ಖಾಲಿ, ಚಹಾ ಅಂಗಡಿಯಲ್ಲಿ ಮಾತ್ರ ರಸ್ತೆ ಹೊಂಡದ ಬಗ್ಗೆ ಭಾಷಣ ಜಾಸ್ತಿ, ಅಲ್ವಾ? ಮುಂದಿನ ಸಭೆ ಯಾವಾಗ ಅಂತ ಪಂಚಾಯ್ತಿಯಲ್ಲಿ ಒಮ್ಮೆ ವಿಚಾರಿಸಿ.